ಹೆಸ್ಟರ್ ಪಿನ್ನಕ್ ಅಪ್ಪಣೆ ಕೇಳಿದ್ದು

ಹೆಸ್ಟರ್ ಪಿನ್ನಕ್ ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಆ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಪೆನ್ನು ಕೆಳಗಿಡುತ್ತೇನೆ. ಇವತ್ತು ಹಾಗೆ ಇಡುವುದಿಲ್ಲ.

ನಾನು ರಾಯ್ಸ್ಟನ್ ಟಿಟ್‌ಕೂಂಬ್. ಮೂವತ್ತು ವರ್ಷ ವಿಲ್ಟ್‌ಶೈರಿನ ಹಳ್ಳಿದಾರಿಗಳಲ್ಲಿ ಶಾಲೆಯ ಬಸ್ಸು ಓಡಿಸಿದವನು. ಹೊಟ್ಟೆ ಸ್ಟೀರಿಂಗಿಗೆ ತಾಗತೊಡಗಿದಾಗ ಡಾಕ್ಟರು ನಡೆಯಲು ಹೇಳಿದರು. ಹಾಗೆ ಹೆಸ್ಟರ್ ಅವರ ಬುಧವಾರದ ನಡಿಗೆಯ ಗುಂಪು ಸೇರಿಕೊಂಡೆ. ಆಕೆ ಶಾಲೆಯ ಅಡುಗೆಮನೆಯಲ್ಲಿ ದುಡಿದವರು, ಐದಡಿ ಎತ್ತರ, ನಡಿಗೆ ಮಾತ್ರ ಬಿರುಸು. ಪುಡಿಂಗಿಗೆ ಸಾಲು ನಿಂತ ಮಕ್ಕಳನ್ನು ನೋಡಿಕೊಂಡಂತೆಯೇ ನಮ್ಮನ್ನೂ ನೋಡಿಕೊಳ್ಳುತ್ತಿದ್ದರು. ಪ್ರತಿ ಗೇಟಿನಲ್ಲೂ ತಲೆ ಎಣಿಸುವುದು, ಕೊನೆಯವರು ಗೇಟಿನ ಚಿಲಕ ಹಾಕಿದರೋ ಇಲ್ಲವೋ ಎಂದು ತಿರುಗಿ ನೋಡುವುದು, ಬಾರ್ಲಿ ಹೊಲದ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು. ಒಂದು ತೆನೆ ಬಗ್ಗಿದರೂ ಮುಖ ಗಂಟಿಕ್ಕುತ್ತಿದ್ದರು.

ನಮ್ಮ ದಾರಿ ಗಿಲ್ಬರ್ಟ್ ಮಾಸ್ಲೆನ್ ಅವರ ಜಮೀನಿನ ಮೇಲಿತ್ತು. ರಸ್ತೆಯಂಚಿನ ಗೇಟಿನಿಂದ ಸುಣ್ಣಕಲ್ಲಿನ ಗುಡ್ಡ ಹತ್ತಬೇಕು. ಮಳೆ ಬಿದ್ದರೆ ಕಾಲಡಿಯ ಸುಣ್ಣ ಸೋಪಿನಷ್ಟು ಜಾರುತ್ತದೆ, ನಾನೇ ನಾಲ್ಕು ಸಲ ಕುಂಡೆ ಊರಿದ್ದೇನೆ. ಹುಲ್ಲಿನಲ್ಲಿ ಮಲಗಿರುವ ಬೂದುಬಣ್ಣದ ಬಂಡೆಗಳನ್ನು ದೂರದಿಂದ ನೋಡಿದ ಹೊಸಬರು ಕುರಿ ಎಂದೇ ಅಂದುಕೊಳ್ಳುತ್ತಾರೆ. ಅವುಗಳನ್ನು ದಾಟಿದರೆ ಮುದುಕಿಮಂಚ. ಐದು ಸಾವಿರ ವರ್ಷದ ಹಿಂದೆ ಯಾರೋ ತಮ್ಮ ಸತ್ತವರನ್ನು ಒಳಗಿಟ್ಟು ಮಣ್ಣೇರಿಸಿದ ಉದ್ದನೆಯ ದಿಬ್ಬ. ನಾವು ಅದರ ಬುಡದಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದು, ಚೀಸು ಉಪ್ಪಿನಕಾಯಿಯ ಸ್ಯಾಂಡ್‌ವಿಚ್ ತಿಂದು, ಊರವರ ಮೇಲೆಲ್ಲ ಚಾಡಿ ಹೇಳಿ ಇಳಿಯುತ್ತಿದ್ದೆವು.

ಹೆಸ್ಟರ್ ಅವರ ಗಂಡ ವಿಲ್ಫ್ ಅವರ ಕಣ್ಣು ಸಕ್ಕರೆ ಕಾಯಿಲೆಗೆ ಹೋಗಿತ್ತು. ಆಮೇಲೂ ಹನ್ನೊಂದು ವರ್ಷ ಅವರು ಹೆಂಡತಿಯ ಬೆನ್ನುಚೀಲದ ಪಟ್ಟಿ ಹಿಡಿದು ಈ ಗುಡ್ಡ ಹತ್ತಿದರು. ಬೂಟಿನ ಕೆಳಗೆ ಚಕಮಕಿ ಕಲ್ಲು ಕಿರುಗುಟ್ಟಿದ ಸದ್ದಿನ ಮೇಲೆಯೇ ಎಲ್ಲಿದ್ದೇವೆಂದು ಹೇಳಿಬಿಡುತ್ತಿದ್ದರು.

"ಹೆಸ್ಟರ್, ಇವತ್ತು ಮಂಜು ಬಿದ್ದಿದೆಯಾ?"

"ಮೂಗಿನ ತುದಿ ಕಾಣಿಸ್ತಿಲ್ಲ ಮಾರಾಯ."

"ಹಾಗಾದ್ರೆ ಇವತ್ತು ಎಲ್ರೂ ನನ್ನ ಹಿಂದೆ ಬನ್ನಿ."

ವಿಲ್ಫ್ ತೀರಿಕೊಂಡದ್ದು ಒಂದು ಅಕ್ಟೋಬರ್ ಹನ್ನೆರಡರಂದು. ಅವರ ಬೂದಿಯನ್ನು ಹೆಸ್ಟರ್ ಮುದುಕಿಮಂಚದ ಮೂಡಣ ತುದಿಯಲ್ಲಿ ಚೆಲ್ಲಿದರು. ಪ್ರತಿವರ್ಷ ಆ ದಿನ, ಯಾವ ವಾರವೇ ಇರಲಿ, ಮೇಲೆ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದರು. ಬೇರೆ ಯಾವ ಗೋರಿಯೂ ಇಲ್ಲ, ಕಲ್ಲೂ ಇಲ್ಲ. ಆಕೆಗೆ ಗಂಡ ಇದ್ದದ್ದು ಅಲ್ಲಿ, ಅಷ್ಟೆ.

ಗಿಲ್ಬರ್ಟ್ ಮುದುಕ ಸತ್ತ. ಮಕ್ಕಳಿರಲಿಲ್ಲ, ಜಮೀನು ಫ್ಯಾರಂಟ್ ಎಂಬವರ ಕೈಗೆ ಹೋಯಿತು. ಮಾರ್ಚ್ ತಿಂಗಳ ಒಂದು ಬುಧವಾರ ನಾವು ಹದಿನಾಲ್ಕು ಜನ ಗೇಟಿನ ಹತ್ತಿರ ಹೋದರೆ ಹೊಸ ಸರಪಳಿ, ಹೊಸ ಬೀಗ, ಖಾಸಗಿ ಜಾಗ, ದಾರಿಯಿಲ್ಲ ಎಂಬ ಹಲಗೆ. ಹೆಸ್ಟರ್ ಆ ಹಲಗೆಯನ್ನು ಎರಡು ಸಲ ಓದಿದರು. ಆಮೇಲೆ ನಮ್ಮ ತಲೆ ಎಣಿಸಿ, ರಸ್ತೆಯಲ್ಲೇ ವಾಪಸು ಕರೆದುಕೊಂಡು ಹೋದರು.

ನಾನು ಸುಮ್ಮನಿರುವ ಜಾತಿಯವನಲ್ಲ. ಕೌಂಟಿ ಕಚೇರಿಗೆ ಹೋಗಿ ನಕ್ಷೆ ತೆಗೆಸಿದೆ. ನಮ್ಮ ದಾರಿ ಅದರಲ್ಲಿ ಇರಲೇ ಇಲ್ಲ. ಆದರೆ ನಮ್ಮಲ್ಲಿ ಕಾನೂನು ಹೀಗಿದೆ. ಇಪ್ಪತ್ತು ವರ್ಷ ಜನ ಒಂದು ದಾರಿಯಲ್ಲಿ ಬೇಲಿ ಮುರಿಯದೆ, ಕದ್ದುಮುಚ್ಚದೆ, ಯಾರ ಅಪ್ಪಣೆಯೂ ಇಲ್ಲದೆ ತಮ್ಮದೇ ಎಂಬಂತೆ ನಡೆದಿದ್ದರೆ ಅದು ಎಲ್ಲರ ದಾರಿಯಾಗುತ್ತದೆ. ನಮ್ಮ ಗುಂಪು ಮೂವತ್ತೆರಡು ವರ್ಷ ನಡೆದದ್ದು! ಬೇಸಿಗೆಯಿಡೀ ಮನೆಮನೆ ತಿರುಗಿ ಮೂವತ್ತೊಂದು ಜನರ ಹೇಳಿಕೆ ಬರೆಸಿದೆ. ಮೂವತ್ತೊಂದು ಜನರೂ ಹೆಸ್ಟರ್ ಬೆನ್ನ ಹಿಂದೆ ನಡೆದವರೇ. ಗೆದ್ದೇಬಿಟ್ಟೆವೆಂದು ಪಬ್ಬಿನಲ್ಲಿ ಎಲ್ಲರೆದುರು ಕೊಚ್ಚಿಕೊಂಡೆ.

ಮುಂದಿನ ವರ್ಷದ ಮೇ ತಿಂಗಳಿಗೆ ವಿಚಾರಣೆ ನಿಗದಿಯಾಯಿತು. ಹಿಂದಿನ ದಿನ ಮಧ್ಯಾಹ್ನ ಹೆಸ್ಟರ್ ಮನೆಗೆ ಹೋದೆ. ಆಕೆ ಚಹಾ ಬಗ್ಗಿಸುತ್ತಾ ಮಾಮೂಲಿನಂತೆ ಹೇಳಿದರು.

"ಗಿಲ್ಬರ್ಟ್ ಬರೆದ ಕಾಗದಗಳನ್ನೂ ತರ್ಲಾ ರಾಯ್? ಪಾಪ, ಎಷ್ಟು ಒಳ್ಳೆಯವನು ಅಂತ ಅವರಿಗೂ ಗೊತ್ತಾಗ್ಲಿ."

"ಯಾವ ಕಾಗದ?"

"ಪ್ರತಿ ಹೊಸವರ್ಷಕ್ಕೆ ನಾನು ಬರೀತಿದ್ದೆನಲ್ಲ. ಈ ವರ್ಷವೂ ನಿಮ್ಮ ಹೊಲದಲ್ಲಿ ನಡೀಬಹುದಾ ಅಂತ. ಜೊತೆಗೊಂದು ಹಣ್ಣಿನ ಕೇಕ್. ಅವನು ಧಾರಾಳವಾಗಿ ನಡೀರಿ ಅಂತ ಬರೀತಿದ್ದ."

"ಎಷ್ಟು ವರ್ಷ?"

"ಎಲ್ಲಾ ವರ್ಷ."

"ಅಮ್ಮಾ ತಾಯಿ! ಅಪ್ಪಣೆ ಕೇಳಿದ್ರೆ ಹಕ್ಕು ಹೋಯ್ತು. ಅವನು ಕೊಟ್ಟಿದ್ದು, ನಾವು ತಗೊಂಡಿದ್ದು, ಅಷ್ಟೇ ಆಗುತ್ತೆ. ಯಾರು ನಿಮಗೆ ಕೇಳಿ ಅಂದಿದ್ದು?"

"ಬೇರೆಯವರ ಹೊಲ ರಾಯ್. ಒಂದು ಮಾತು ಕೇಳದೆ ಹೇಗೆ ನುಗ್ಗೋದು?"

ಏನು ಹೇಳಲಿ? ನಮ್ಮ ಜನವೇ ಹಾಗೆ. ಕಾಲು ತುಳಿಸಿಕೊಂಡವನೇ ಕ್ಷಮೆ ಕೇಳುವ ಊರು ನಮ್ಮದು. ನಾನು ದನಿ ತಗ್ಗಿಸಿ, "ಕಾಗದ ಇಲ್ಲೇ ಇರ್ಲಿ. ನೀವಾಗಿ ಏನೂ ಹೇಳ್ಬೇಡಿ. ಗಿಲ್ಬರ್ಟ್ ಇಲ್ಲ, ಯಾರಿಗೂ ಗೊತ್ತಿಲ್ಲ," ಎಂದೆ.

"ಕೇಳಿದ್ರೆ?"

"ಕೇಳಲ್ಲ."

"ಕೇಳಿದ್ರೆ, ರಾಯ್?"

ನಾನು ಎದ್ದು ಬಂದೆ. ಸುಳ್ಳು ಹೇಳಿ ಎನ್ನಲು ನಾಲಗೆ ಹೊರಳಲಿಲ್ಲ. ಹೇಳಿಬಿಡಬೇಕಿತ್ತೇನೋ.

ಊರಿನ ಹಾಲ್‌ನಲ್ಲಿ ವಿಚಾರಣೆ ನಡೆಯಿತು. ಬಂದಿದ್ದ ಅಧಿಕಾರಿ ಮೆಲುದನಿಯ ಹೆಂಗಸು, ಎಲ್ಲರಿಗೂ ಒಂದೇ ಪ್ರಶ್ನೆಗಳ ಪಟ್ಟಿ. ಕೊನೆಯ ಪ್ರಶ್ನೆ, ಈ ದಾರಿಗೆ ನೀವು ಯಾರದಾದರೂ ಅಪ್ಪಣೆ ಕೇಳಿದ್ದಿರಾ ಎಂಬುದು. ನಾನು ಇಲ್ಲ ಎಂದೆ. ನಾನು ಕೇಳಿರಲಿಲ್ಲ, ಆ ಮಟ್ಟಿಗೆ ಅದು ನಿಜ. ಉಳಿದವರೂ ಇಲ್ಲ ಎಂದರು, ಅವರಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಕೊನೆಗೆ ಹೆಸ್ಟರ್ ಅವರ ಸರದಿ. ನೀಲಿ ಕೋಟು ಹಾಕಿ, ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದರು. ನಾನು ಎರಡನೇ ಸಾಲಿನಿಂದ ಅವರನ್ನೇ ದಿಟ್ಟಿಸಿದೆ. ಅವರು ಒಮ್ಮೆ ನನ್ನತ್ತ ನೋಡಿದರು.

"ಕೇಳಿದ್ದೆ ಮೇಡಂ," ಎಂದರು. "ಪ್ರತಿವರ್ಷ ಕೇಳ್ತಿದ್ದೆ. ಅವರು ಒಂದು ಸಲವೂ ಇಲ್ಲ ಅನ್ನಲಿಲ್ಲ."

"ನಿಮಗಾಗಿ ಮಾತ್ರವೋ, ಗುಂಪಿಗಾಗಿಯೋ?"

"ಎಲ್ಲರಿಗಾಗಿ. ಒಬ್ಬೊಬ್ಬರೇ ಹೋಗಿ ಕೇಳಿದ್ರೆ ಅವರಿಗೆ ಕಾಟ ಅಲ್ವಾ?"

ಫ್ಯಾರಂಟ್ ಕಡೆಯ ವಕೀಲನಿಗೆ ಬಾಯಿ ತೆರೆಯುವ ಕೆಲಸವೇ ಉಳಿಯಲಿಲ್ಲ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಒಂದು ಗಳಿಗೆ ಹೆಸ್ಟರ್ ಅವರ ಮುಖ ನೋಡಿದರು. ಅವರಿಗೂ ಬೇಜಾರಾಗಿತ್ತು, ನಾನು ಕಂಡೆ. ಆದರೆ ಬೇಜಾರಿಗೆ ಕಾನೂನಿನಲ್ಲಿ ಜಾಗ ಇಲ್ಲ. ಹನ್ನೊಂದು ವಾರದ ಮೇಲೆ ತೀರ್ಪಿನ ಕಾಗದ ಬಂತು. ದಾರಿ ನಮ್ಮದಲ್ಲ.

ಗುಂಪಿನಲ್ಲಿ ಕೆಲವರು ಹೆಸ್ಟರ್ ಜೊತೆ ಮಾತು ಬಿಟ್ಟರು. ಬುಧವಾರ ಆರೇ ಜನ ಬರತೊಡಗಿದರು, ಕಾಲುವೆಯ ದಂಡೆಯ ಸಪಾಟು ದಾರಿಯಲ್ಲಿ ನಡೆದು ಬರುತ್ತಿದ್ದೆವು. ಅವರು ಆಗಲೂ ಪ್ರತಿ ಗೇಟಿನಲ್ಲಿ ತಲೆ ಎಣಿಸುತ್ತಿದ್ದರು.

ಫ್ಯಾರಂಟ್ ರಾಕ್ಷಸನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಹೆಸ್ಟರ್ ಮನೆ ಬಾಗಿಲಿಗೆ ಬಂದ. ನಿಮ್ಮ ಯಜಮಾನರ ವಿಷಯ ಗೊತ್ತಾಯಿತು, ನೀವೊಬ್ಬರು ಯಾವಾಗ ಬೇಕಾದರೂ ಹೋಗಿಬನ್ನಿ, ಮೊದಲು ಒಂದು ಫೋನ್ ಮಾಡಿದರೆ ಸಾಕು ಎಂದ. ಹೆಸ್ಟರ್ ಅವನಿಗೆ ಕೇಕು ಕೊಟ್ಟರು. ಕೇಳಿ ನನ್ನ ಮೈ ಉರಿಯಿತು.

ಆ ವರ್ಷ ಅಕ್ಟೋಬರ್ ಹನ್ನೆರಡು ಶನಿವಾರ ಬಂತು. ಎರಡು ದಿನ ಮುಂಚೆ ಹೆಸ್ಟರ್ ಫ್ಯಾರಂಟ್‌ಗೆ ಫೋನ್ ಮಾಡುವಾಗ ನಾನು ಅಲ್ಲೇ ಇದ್ದೆ.

"ಶನಿವಾರ... ಹೌದಾ? ಅಯ್ಯೋ, ಅಂಥ ದಿನ ಕೇಳಿ ತೊಂದ್ರೆ ಕೊಟ್ಟೆ. ಇಲ್ಲ ಇಲ್ಲ, ಪರವಾಗಿಲ್ಲ. ತಿಳಿಸಿದ್ದಕ್ಕೆ ಥ್ಯಾಂಕ್ಸ್." ಫೋನ್ ಇಟ್ಟು ನನ್ನತ್ತ ತಿರುಗಿದರು. "ಅವತ್ತು ಗುಡ್ಡದ ಮೇಲೆ ಹಕ್ಕಿ ಬೇಟೆ ಇದೆಯಂತೆ. ಮಂಗಳವಾರ ಬನ್ನಿ ಅಂದ್ರು."

"ವಿಲ್ಫ್ ಮಂಗಳವಾರ ಸತ್ರಾ?" ಎಂದೆ. ಅಂದಮೇಲೆ ನನಗೇ ನಾಚಿಕೆಯಾಯಿತು. ಅವರು ಮೇಜು ಒರೆಸತೊಡಗಿದರು.

ಶನಿವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಗೇಟಿನವರೆಗೆ. ಆ ಸರಪಳಿ ಕತ್ತರಿಸುವ ಸಾಮಾನು ನನ್ನ ಡಿಕ್ಕಿಯಲ್ಲಿತ್ತು. ಆದರೆ ಈ ಹೆಂಗಸನ್ನು ಬಂದೂಕುಗಳ ನಡುವೆ ಕಳಿಸುವುದು ಹೇಗೆ? ಅಲ್ಲದೆ ಬೀಗ ಮುರಿದ ಗೇಟನ್ನು ಅವರು ಯಾವತ್ತೂ ದಾಟುತ್ತಿರಲಿಲ್ಲ. ಗೇಟಿನಾಚೆ ಬಿಳಿಯ ದಾರಿ ಮೇಲೇರಿತ್ತು, ತುದಿಯಲ್ಲಿ ಮುದುಕಿಮಂಚದ ಬೆನ್ನು ಕಾಣುತ್ತಿತ್ತು. ಮೇಲಿಂದ ಗುಂಡಿನ ಸದ್ದು ಬಂದಾಗಲೆಲ್ಲ ಹೆಸ್ಟರ್ ಅವರ ಭುಜ ಒಂದಿಷ್ಟು ಅದುರುತ್ತಿತ್ತು. ಒಂದು ಗಂಟೆ ಹಾಗೆಯೇ ನಿಂತರು. ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತೆ. ಇಷ್ಟು ದೊಡ್ಡ ಮೈ ಇಟ್ಟುಕೊಂಡು ಏನು ಪ್ರಯೋಜನ ಅನ್ನಿಸಿತು.

ಹೊರಡುವ ಹೊತ್ತಾಯಿತು. ನಾನು ಕಾರಿನ ಕೀಲಿ ತೆಗೆದೆ. ಅವರು ಗುಡ್ಡದಿಂದ ಕಣ್ಣು ತೆಗೆಯದೆ, ನಾವು ನಿಂತಿದ್ದದ್ದು ಸಾರ್ವಜನಿಕ ರಸ್ತೆಯಾದರೂ, ಮೆಲುದನಿಯಲ್ಲಿ ಕೇಳಿದರು.

"ರಾಯ್, ನಾನು ಇನ್ನೊಂದು ಐದು ನಿಮಿಷ ಇಲ್ಲಿ ನಿಂತ್ಕೊಳ್ಬಹುದಾ?"