ಒಣಮೀನಿನ ಫಾಸ್ಫರಸ್

ಪರದೇಶದ ಈ ಗ್ಲೆಂಡೇಲ್ ಹೈಟ್ಸಿನ ಮೀನಂಗಡಿಗೆ, ತಮ್ಮ ಮಾತನ್ನು ಇಂಗ್ಲಿಷಿನಲ್ಲಿ ಹೇಳಲೆಂದು ನನ್ನನ್ನು ಕರೆದುಕೊಂಡು ಬಂದವರು ಭಟ್ಕಳದ ಜುಬೇದಾ ಆಂಟಿ. ಅವರ ಕಿಡ್ನಿ ಸೋತಿದೆ. ರಕ್ತದಲ್ಲಿ ಏರಿದ ಫಾಸ್ಫರಸ್ ಇಳಿಸಲು ಆಸ್ಪತ್ರೆಯವರು ಹಾಲು, ಚೀಸ್, ಕೋಲಾ ಬಿಡಿಸಿದ್ದರು. ಮೀನಿನ ಮಾತೇ ಎತ್ತಿರಲಿಲ್ಲ. ಆಂಟಿ ದಿನವೂ ಮುಳ್ಳುಸಮೇತ ಒಣಮೀನು ತಿನ್ನುತ್ತಿದ್ದರು.

“ಹಾಲು ಬಿಟ್ಟು ಎರಡು ತಿಂಗಳಾಯ್ತು, ರಿಪೋರ್ಟಲ್ಲಿ ಫಾಸ್ಫರಸ್ ಇಳೀತಾನೇ ಇಲ್ಲ. ಈ ಅಂಗಡಿಯವನಿಗೂ ಹೇಳು,” ಎಂದರು. ಹೇಳಿದೆ.

ಅಂಗಡಿಯವನು ಮಾಲ್ಡೀವ್ಸಿನವನು; ಆಂಟಿಯ ಒಣಮೀನಿನ ಪ್ಯಾಕೆಟ್ ತೂಗುವುದನ್ನು ನಿಲ್ಲಿಸಿದ. “ನಮ್ಮ ದ್ವೀಪದಲ್ಲಿ ಹಾಲು ಕಡಿಮೆ. ನನ್ನ ತಾಯಿಗೆ ಫಾಸ್ಫರಸ್ ಏರಿದ್ದು ಮೀನಿನಿಂದಲೇ, ಅದರಲ್ಲೂ ಮುಳ್ಳಿನಿಂದ,” ಎಂದ, ಇಂಗ್ಲಿಷಿನಲ್ಲಿ.

ಆಂಟಿ ಪ್ಯಾಕೆಟನ್ನು ಮೆಲ್ಲಗೆ ಅವನತ್ತ ಹಿಂದಕ್ಕೆ ಸರಿಸಿದರು. “ಹಂಗಾದ್ರೆ ಚಾಗೆ ಸ್ವಲ್ಪ ಹಾಲು ಹಾಕ್ಕೋಬಹುದಾ, ಕೇಳು.”

ಕೇಳಿದೆ.

“ಅಮ್ಮನೂ ಕೊನೆಯವರೆಗೂ ಅದನ್ನೇ ಕೇಳುತ್ತಿದ್ದಳು,” ಎಂದು ಅವನು ಪ್ಯಾಕೆಟನ್ನು ಕಪಾಟಿಗೆ ಸೇರಿಸಿದ.