ನೋವಾದಲ್ಲಿ ಹೇಳಿ

ಬೆಳಕು ಹರಿಯುವ ಮೊದಲು ಸುಂದರಿ ಅಂಗಳ ಗುಡಿಸಬೇಕು, ನೀರು ಸೇದಿ ಬಚ್ಚಲಿನ ಹಂಡೆ ತುಂಬಬೇಕು, ಒಲೆ ಹಚ್ಚಬೇಕು, ಹಟ್ಟಿಯ ಸೆಗಣಿ ತೆಗೆದು ಹಾಲು ಕರೆಯಬೇಕು, ಗಂಜಿಗೆ ಅಕ್ಕಿ ಹಾಕಬೇಕು. ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಲಭುಜದ ಕೀಲು ತಪ್ಪಿದರೂ ಕೆಲಸ ತಪ್ಪಲಿಲ್ಲ, ಎಡಗೈಗೆ ದಾಟಿತು. ನೀರು ಸೇದುವುದು, ಭತ್ತ ಕುಟ್ಟುವುದು ಮಾತ್ರ ಅತ್ತೆ ಸೇಸಮ್ಮನ ಪಾಲಿಗೆ ಬಂತು. ಗಂಡ ಲೋಕಯ್ಯನ ಭುಜಗಳೆರಡೂ ಗಟ್ಟಿಯಾಗಿದ್ದವು. ಅವುಗಳ ಮಾತು ಯಾರೂ ಎತ್ತಲಿಲ್ಲ.

ಕೀಲು ಕೂರಿಸಿದ ಬಂಟ್ವಾಳದ ಡಾಕ್ಟರು ಹೇಳಿದ್ದರು: ಕೈ ಕಿವಿಯ ಪಕ್ಕಕ್ಕೆ ನೆಟ್ಟಗೆ ಏಳುವವರೆಗೆ ಭಾರದ ಕೆಲಸ ಬೇಡ, ಒತ್ತಾಯ ಮಾಡಿದರೆ ಭುಜ ಜನ್ಮಕ್ಕೂ ಸೆಟೆದೀತು.

ಮುಂದಿನ ಸಲ ಕೈ ತೋರಿಸಲು ಹೊರಟಾಗ ಸೇಸಮ್ಮನೂ ಊರು ಸಿದ್ಧಕಟ್ಟೆಯಿಂದ ಬಸ್ಸು ಹತ್ತಿದಳು. ಕೈ ಎಷ್ಟು ಏಳುತ್ತದೆಂದು ಅಳೆಯಲು ಡಾಕ್ಟರು ಕೈವಾರದಂಥ ಎರಡು ಕಾಲಿನ ಪಟ್ಟಿಯನ್ನು ಸುಂದರಿಯ ಭುಜಕ್ಕೆ ಹಿಡಿದರು.

"ನಿಧಾನ ಎತ್ತಿ. ನೋವಾದಲ್ಲಿ ಹೇಳಿ."

ಎದೆಮಟ್ಟ ಮುಟ್ಟುವ ಮೊದಲೇ ನೋವು ಕಚ್ಚಿತು. ಸುಂದರಿ ಬೆಂಚಿನ ಮೇಲಿದ್ದ ಅತ್ತೆಯನ್ನು ನೋಡಿದಳು. ಹೆರಿಗೆಯಲ್ಲೂ ಜಗಲಿಯ ಗಂಡಸರಿಗೆ ಕೇಳಬಾರದೆಂದು ಸೆರಗು ಕಚ್ಚಿದವಳು ಸುಂದರಿ. ಈಗಲೂ ಹಲ್ಲು ಕಚ್ಚಿದಳು. ಕೈ ಕಿವಿ ಮುಟ್ಟಿತು.

"ಪೂರ್ತಿ ಬಂತು. ಇನ್ನು ಬರುವುದು ಬೇಡ."

"ಭತ್ತ ಕುಟ್ಟಬಹುದಾ ಡಾಕ್ಟ್ರೇ?" ಸೇಸಮ್ಮ ಕೇಳಿದಳು.

"ಧಾರಾಳ."

ಬಸ್ಸಿನಲ್ಲಿ ಸೇಸಮ್ಮ ಸೊಂಟ ಒತ್ತಿಕೊಂಡಳು. "ನನಗೂ ಆ ಪಟ್ಟಿ ಹಿಡಿಯಬೇಕಿತ್ತು ಮಾರಾಯ್ತಿ. ಬಗ್ಗುವುದೆಷ್ಟು, ಏಳುವುದೆಷ್ಟು ಅಂತ."

ಒನಕೆ ಮತ್ತೆ ಸುಂದರಿಯ ಕೈಗೆ ಬಂತು. ವಾರ ಕಳೆಯುವಷ್ಟರಲ್ಲಿ ಜಡೆ ಹೆಣೆಯಲೂ ಕೈ ಏಳದಾಯಿತು.

"ಡಾಕ್ಟರೇ ಗುಣ ಆಯ್ತು ಅಂದಿದ್ದಾರಲ್ಲ," ಎಂದ ಲೋಕಯ್ಯ, ಗಂಜಿಯ ಬಟ್ಟಲಿನಿಂದ ತಲೆಯೆತ್ತದೆ. "ಅವರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ?"

ಗೊತ್ತಿತ್ತು. ಆದರೆ ಹೇಳಿದರೆ ಒನಕೆ ಹೋಗುವುದು ಅತ್ತೆಯ ಸೊಂಟಕ್ಕೆ. ಸುಂದರಿ ಕೂತಲ್ಲಿ ಕೂರದಾದಳು. ಒಲೆಯ ಬುಡದಿಂದ ಎದ್ದು ಗೋಡೆಗೆ ಬೆರಳೂರಿ ಕೈ ಏರಿಸುವಳು. ನಿನ್ನೆ ತಲುಪಿದಲ್ಲಿ ಮಸಿಯಿಂದ ಹಾಕಿದ ಗುರುತನ್ನು ಇವತ್ತು ತಲುಪಲಾಗುತ್ತಿರಲಿಲ್ಲ. ಹಟ್ಟಿಗೆ ಹೋಗುವಳು, ಬಂದು ಮತ್ತೆ ಏರಿಸುವಳು.

ಒಂದು ಬೆಳಿಗ್ಗೆ ಭತ್ತವನ್ನು ಒರಳಲ್ಲೇ ಬಿಟ್ಟು ಸೀರೆ ಬದಲಿಸಿದಳು.

"ಎಲ್ಲಿಗೆ?" ಎಂದಳು ಸೇಸಮ್ಮ.

"ಬಂಟ್ವಾಳಕ್ಕೆ, ಮಾಮಿ. ಭತ್ತ ನೀವು ಕುಟ್ಟಬೇಡಿ. ನಿಮ್ಮ ಮಗನಿಗೆ ಒನಕೆ ಕೊಡಿ."

ಡಾಕ್ಟರಿಗೆ ಆಶ್ಚರ್ಯ. "ಗುಣ ಆಗಿತ್ತಲ್ಲ?"

"ಆವತ್ತು ನಾನು ಹೇಳಲಿಲ್ಲ. ಇನ್ನೊಮ್ಮೆ ಅಳೆಯಿರಿ."

ಪಟ್ಟಿಯ ತಣ್ಣನೆ ಲೋಹ ತೋಳಿಗೆ ತಾಗಿತು. ಬೆಂಚು ಖಾಲಿಯಿತ್ತು. ಕೈ ಸ್ವಲ್ಪ ಎದ್ದಿತು, ಹಲ್ಲುಗಳು ಅಭ್ಯಾಸದಂತೆ ಬಿಗಿದುಕೊಂಡವು. ಅವಳು ಬಾಯಿ ತೆರೆದಳು.

"ಇಲ್ಲಿ," ಎಂದಳು.