ಆಯಿ ಎಮ್ಮಿ ಜೈಲಿಗೆ ಹೋಗಬೇಕಾಗಿತ್ತು

ನಮ್ಮಕ್ಕನ ಮದುವಿ ಹಂಸಭಾವಿಯೊಳಗ. ಇಡೀ ಓಣಿ ಹೊಂಟಿತ್ತು, ಆಯಿ ಒಬ್ಬಾಕಿ ಬರಂಗಿಲ್ಲ ಅಂತ ಕುಂತಿದ್ಲು. ಆಯಿ ಅಂದ್ರ ನಮ್ಮಪ್ಪನ ಅವ್ವ. ಆಯಿ ಇಲ್ಲದ ನಾ ತಾಳಿ ಕಟ್ಟಿಸ್ಕೊಳ್ಳಂಗಿಲ್ಲ ಅಂತ ಅಕ್ಕನೂ ಮುಸುಕು ಹೊದ್ದು ಮಲಗಿದ್ಲು.

ಎಲ್ಲಾದಕ್ಕೂ ಕಾರಣ ಎಮ್ಮಿ. ಹಾಲು ಬತ್ತಿತ್ತು, ಹಂಗಾಗಿ ಎರಡು ದಿನ ಇಟಗೊಳ್ಳಾಕ ಯಾರೂ ಒಪ್ಪಲಿಲ್ಲ. ಹಾಲು ಕೊಡೂ ಮುಂದ ಆ ಎಮ್ಮಿಗೆ ಊರ ತುಂಬ ಬೀಗರಿದ್ರು. ಮ್ಯಾಲೆ ಅದರ ಒದಿಕಿ ಬ್ಯಾರೆ. ಹಾನಗಲ್ಲಿನ್ಯಾಗ ಒದ್ರ ಮನಷಾ ಶಿಗ್ಗಾಂವಿನ್ಯಾಗ ಬೀಳತಾನ, ನಡುವ ಬಸ್ ಬದಲಿ ಮಾಡೂ ಜರೂರಿ ಇಲ್ಲ.

ಆಗ ನನ್ನ ತಲಿ ಓಡಿತು. ನಮ್ಮೂರಾಗ ಕೊಂಡವಾಡ ಐತಿ, ಅಂದ್ರ ಮಂದಿ ಹೊಲಾ ಮೇದ ದನಾ ಹಿಡದು ಹಾಕೂ ಜೈಲು. ದಂಡ ಕಟ್ಟಿ ಬಿಡಿಸ್ಕೊಂಡು ಬರೂದು. ಆ ದಂಡ ನಮ್ಮಜ್ಜನ ಕಾಲದಾಗ ಯಾರೋ ಇಟ್ಟದ್ದು, ಇನ್ನೂ ಏರಿಲ್ಲ. ಮೇವಿನ ರೇಟು ಮಾತ್ರ ವರ್ಷಾ ಏರತೈತಿ. ಹಂಗಾಗಿ ಎಮ್ಮಿ ಮನ್ಯಾಗ ಉಂಡ್ರ ತುಟ್ಟಿ, ಜೈಲಿನ್ಯಾಗ ಉಂಡ್ರ ಸೋವಿ. ಸರಕಾರದ ನೆರಳು, ಸರಕಾರದ ನೀರು, ಬಾಗಲಿಗೆ ಕೀಲಿ. ಮದುವಿಗೆ ಬಂದ ಬೀಗರಿಗೂ ಇಷ್ಟು ಸೌಲತ್ತು ಸಿಗಂಗಿಲ್ಲ.

ಎಮ್ಮಿ ಒಂದು ಗುನ್ನೆ ಮಾಡಿದ್ರ ಸಾಕಿತ್ತು. ಬಾಜೂ ಹೊಲದ ಕಾಕಾನ ಗೋವಿನಜ್ವಾಳದಾಗ ಬಿಟ್ನಿ. ಈ ಕಾಕಾ ಎಂಥಾಂವ ಅಂದ್ರ, ನಮ್ಮ ಕೋಳಿ ಬೇಲಿ ದಾಟಿದ್ದಕ್ಕ ಹಿರ್‍ಯಾರನ್ನ ಕೂಡಿಸಿದಾಂವ. ಅವತ್ತ ಬದುವಿನ ಮ್ಯಾಲೆ ಕುಂತು ಎಮ್ಮಿ ಮೇಯೂದು ನೋಡಾಕತ್ತಿದ್ದ.

"ಕಾಕಾ, ಹೊಲಾ ಮೇಯಾಕತ್ತೈತ್ರಿ."

"ಮೇಯ್ಲಿ ತಗೋ. ಮದುವಿ ಮನಿ ಎಮ್ಮಿ."

"ಕೊಂಡವಾಡಕ್ಕ ಹೊಡೀರಿ."

"ತಲಿ ಕೆಟ್ಟೈತೇನ? ಹಂದರ ಹಾಕಿದ ಮನಿ ಎಮ್ಮೀನ ಜೈಲಿಗೆ ಹಾಕಿ ಮಂದಿಗೆ ಯಾವ ಮಾರಿ ತೋರಸ್ಲಿ?"

ಕಾಯ್ದೆ ಇತ್ತು, ಗುನ್ನೆ ಇತ್ತು, ತಕರಾರು ಮಾಡಾವ ಇರಲಿಲ್ಲ. ನಾನ ಎಮ್ಮೀನ ಹೊಡಕೊಂಡು ಹೋದ್ನಿ. ಕೊಂಡವಾಡ ಕಾಯಾಂವ ಎಲಿ ಅಡಕಿ ಜಗಕೋತ ಕೇಳಿದ, "ಯಾರ ಹೊಲ ತಿಂತು?"

ಕಾಕಾ ತಕರಾರು ಕೊಡಂಗಿಲ್ಲ ಅಂತ ಗೊತ್ತಿತ್ತು, ಹಂಗಾಗಿ "ನಮ್ಮದ," ಅಂತ ಸುಳ್ಳು ಹೇಳಿದ್ನಿ.

"ಎಮ್ಮಿ ಯಾರದು?"

"ಅದೂ ನಮ್ಮದ."

"ನಿಮ್ಮ ಎಮ್ಮಿ ನಿಮ್ಮ ಹೊಲ ತಿಂದ್ರ ಅದು ಗುನ್ನೆ ಅಲ್ಲೋ ತಮ್ಮಾ, ಊಟ. ಹೊಡಕೊಂಡು ನಡಿ."

ಸುದ್ದಿ ಆಯಿಗೆ ಮುಟ್ಟಿತು. ಬೈತಾಳ ಅಂದ್ಕೊಂಡ್ರ, ಆಕಿ ಸೀದಾ ಕೊಂಡವಾಡಕ್ಕ ನಡದ್ಲು. ಅಕ್ಕಗ ವರ ನೋಡೂ ಮುಂದನೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ನೀರು ಎಷ್ಟು ಸಲ ಇಡತೀರಿ, ಮಧ್ಯಾಹ್ನ ನೆರಳು ಎಲ್ಲಿ ಬೀಳತೈತಿ, ಬಾಜೂಕ ಕಟ್ಟೂ ದನ ಎಂಥಾ ಮನಿತನದ್ದು. ಕಡೀಕ, "ಅಡ್ಡಿಯಿಲ್ಲ," ಅಂದ್ಲು.

ಮದುವಿ ಹಿಂದಿನ ದಿನ ಮುಂಜಾನೆ ಆಯಿ ಎಮ್ಮಿ ಹಗ್ಗ ಹಿಡದು ಕಾಕಾನ ಹೊಲದಾಗ ಹೋಗಿ ನಿಂತ್ಲು.

"ತಿನ್ಲಿ ಬಿಡ್ರಿ ಆಯಿ," ಅಂದ ಕಾಕಾ, ನಗಕೋತ.

"ತಿನ್ನಬೇಕಲ್ಲಪಾ. ನಿನ್ನ ಜ್ವಾಳ ಮೂಸಿ ನೋಡಿ ಹೊಳ್ಳಿ ಬರತೈತಿ. ಮೊನ್ನೆ ತಿಂದದ್ದಕ್ಕ ಹೊಟ್ಟಿ ಉಬ್ಬಿತ್ತು. ಪಾಪ, ಬೀಜ ಎಲ್ಲಿ ತಂದಿದ್ಯೋ."

ಕಾಕಾನ ನಗಿ ನಿಂತಿತು. "ನಾ ಹಾಕಿದಷ್ಟು ಗೊಬ್ಬರ ಈ ತಾಲೂಕಿನ್ಯಾಗ ಯಾರೂ ಹಾಕಿಲ್ರಿ."

"ಹಾಕಿರ್ತಿ. ತೆನಿ ಮಾತ್ರ ಬೆಳ್ಳುಳ್ಳಿ ಗಡ್ಡಿಯಷ್ಟ ಅದಾವು."

ಅರ್ಧ ಸಾಲು ಮೇದ್ರೂ ಸಿಟ್ಟಾಗದಾಂವ ಈಗ ಎದ್ದ. ಧೋತರ ಎತ್ತಿ ಕಟ್ಟಿ, ಆಯಿ ಕೈಯಾಗಿನ ಹಗ್ಗ ಕಸಗೊಂಡು, ದಾರಿ ತುಂಬ ಒದಿಸ್ಕೊಂತ ಕೊಂಡವಾಡ ಮುಟ್ಟಿದ. ಆಯಿ, ನಾನು ಇಬ್ಬರೂ ಹಿಂದಿಂದ ಹೋಗಿದ್ವಿ. "ಅಗದೀ ಚಲೋ ತೆನಿ ತಿಂದೈತಿ, ಚಲೋ ಅಂತ ಬರಕೋ," ಅಂತ ಒದರಾಕತ್ತಿದ್ದ. ಕಾಯಾಂವ ಬರಕೊಂಡು ಕೀಲಿ ಹಾಕಿದ. ಕೀಲಿ ಬಿದ್ದ ಸಪ್ಪಳ ಕೇಳಿದ ಮ್ಯಾಲೆನ ಆಯಿ ಮನಿಗೆ ಬಂದು ಮದುವಿಗೆ ಹೊಂಡಾಕ ಸೀರಿ ಗಂಟು ಕಟ್ಟಿದ್ಲು.

ಹಂಸಭಾವಿಯೊಳಗ ಆಯಿ ಬಸ್ ಇಳಿಯೂದ ತಡ, ಆಯಿ ಅಡ್ಡಿಯಿಲ್ಲ ಅಂದದ್ದು ಕೇಳಿ ಮೊದಲ ಬಂದಿದ್ದ ಅಕ್ಕ ಅರಿಶಿಣ ಮೈಲೆ ಓಡಿ ಬಂದು ತೆಕ್ಕಿ ಬಿದ್ಲು. ಆಯಿಯ ಹೊಸಾ ಸೀರಿ ಅರ್ಧ ಹಳದಿ ಆತು.

ಮರುದಿನ ಅಕ್ಕಿಕಾಳು ಬಿದ್ದ ಮ್ಯಾಲೆ ಊಟಕ್ಕ ಕುಂತ್ವಿ. ಕಾಕಾ ಬಂದು ಆಯಿ ಬಾಜೂಕ ಕುಂತ.

"ಬರೂ ಮುಂದ ಎಮ್ಮಿಗೆ ನೀರು ಕುಡಿಸಿ ಬಂದೇನ್ರಿ," ಅಂದ ಕಾಕಾ, ಎಲಿ ನೋಡಕೋತ.

ಆಯಿ ಬಡಸಾವನ್ನ ಕರದ್ಲು. "ಇವಂಗ ಇನ್ನೊಂದು ಹೋಳಗಿ ಹಾಕಪಾ. ತಕರಾರು ಕೊಟ್ಟು ದಣದಾನ."